ಸ್ಮಾರ್ಟ್ ವಾಚ್ ದಿಕ್ಕು ತಪ್ಪಿದರೆ ಕಾಂತದ ಅಡ್ಡಿಯನ್ನು ಪತ್ತೆ ಹಚ್ಚುವುದು ಹೇಗೆ?

ಬಳ್ಳಾರಿಯಲ್ಲಿ ಸ್ಮಾರ್ಟ್ ವಾಚಿನ ದಿಕ್ಸೂಚಿ ತಪ್ಪಿದರೆ ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡಗಳನ್ನು ದೂರುವುದು ಸುಲಭ. ಆದರೆ ಅಲ್ಲಿನ ಅದಿರು ಬಹುಪಾಲು ಹೆಮಟೈಟ್. ಅದರ ಕಾಂತಗುಣ ಮ್ಯಾಗ್ನೆಟೈಟ್ ಎಂಬ ಇನ್ನೊಂದು ಕಬ್ಬಿಣದ ಅದಿರಿಗಿಂತ ಬಹಳ ದುರ್ಬಲ. ಅಡ್ಡಿ ಮಾಡುವ ವಸ್ತು ಸಾಮಾನ್ಯವಾಗಿ ಕೈಗೆಟುಕುವಷ್ಟು ದೂರದಲ್ಲೇ ಇರುತ್ತದೆ.

ಮೊದಲು ಯಾವ ಲೆಕ್ಕ ತಪ್ಪಿದೆ ಎಂದು ನೋಡಿ. ಹೆಜ್ಜೆ ಎಣಿಕೆ ತಪ್ಪಿದ್ದರೆ ಕಾಂತವನ್ನು ಶಂಕಿಸಬೇಕಿಲ್ಲ; ಆ ಕೆಲಸ ಚಲನೆಯ ವೇಗದ ಬದಲಾವಣೆಯನ್ನು ಅಳೆಯುವ ಅಕ್ಸೆಲೆರೋಮೀಟರಿನದು. ತಿರುವನ್ನು ಅಳೆಯುವ ಜೈರೋಸ್ಕೋಪ್ ಮಾತ್ರ ಸಣ್ಣ ಸಣ್ಣ ದೋಷಗಳನ್ನು ಕೂಡಿಸಿಕೊಳ್ಳುತ್ತಾ ನಿಧಾನವಾಗಿ ಸರಿಯುತ್ತದೆಯಾದ್ದರಿಂದ, ಅದರ ವಾಲುವಿಕೆಯ ಲೆಕ್ಕವನ್ನು ಗುರುತ್ವದಿಂದಲೂ ದಿಕ್ಕಿನ ಲೆಕ್ಕವನ್ನು ಭೂಮಿಯ ಕಾಂತಕ್ಷೇತ್ರದಿಂದಲೂ ತಿದ್ದಲಾಗುತ್ತದೆ. ಕಾಂತ ಕೆಟ್ಟರೆ ಮುಖ್ಯವಾಗಿ ಕೆಡುವುದು ಈ ದಿಕ್ಕಿನ ಲೆಕ್ಕವೇ.

ಬಳಿಕ ಮೊಬೈಲಿನಲ್ಲಿ ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರವನ್ನು ಅಳೆಯುವ ಸೆನ್ಸರ್) ಆ್ಯಪ್ ತೆರೆದು ಬಯಲಿಗೆ ಹೋಗಿ. ನಮ್ಮ ಭಾಗದಲ್ಲಿ ಒಟ್ಟು ಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ (ಕಾಂತಕ್ಷೇತ್ರದ ಅಳತೆಯ ಮಾನ) ಇರಬೇಕು. ನಿಂತಲ್ಲೇ ಮೊಬೈಲನ್ನು ತಿರುಗಿಸಿದಾಗ ಒಟ್ಟು ಅಂಕಿ ಏರಿಳಿದರೆ ದೋಷ ಮೊಬೈಲಿನ ಜೊತೆಗೇ ತಿರುಗುತ್ತಿದೆ ಎಂದರ್ಥ: ಅಯಸ್ಕಾಂತದ ಗುಂಡಿಯಿರುವ ಕವರನ್ನು ತೆಗೆದು ನೋಡಿ. ತಿರುಗಿಸಿದಾಗ ಸ್ಥಿರವಾಗಿದ್ದು ಜಾಗ ಬದಲಿಸಿದಾಗ ಅಂಕಿ ಬದಲಾದರೆ ದೋಷ ಆ ಜಾಗದ್ದು: ಬೈಕು, ಬೀರು, ಮೋಟಾರು ಅಥವಾ ಕಾಂಕ್ರೀಟಿನೊಳಗಿನ ಸರಳು. ವಾಚಿನ ದೋಷವೂ ಈ ಎರಡು ಬಗೆಯದೇ; ಈ ವ್ಯತ್ಯಾಸವನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಎರಡಕ್ಕೂ ಮದ್ದು ಬೇರೆ.

ಜೊತೆಗೇ ತಿರುಗುವ ದೋಷವನ್ನು ಕ್ಯಾಲಿಬ್ರೇಶನ್, ಅಂದರೆ ಸೆನ್ಸರಿನ ಲೆಕ್ಕವನ್ನು ಮತ್ತೆ ಹೊಂದಿಸುವುದು, ಸರಿಪಡಿಸುತ್ತದೆ. ವಾಚಿನ ಪಟ್ಟಿಯ ಅಯಸ್ಕಾಂತದ ಕೊಂಡಿಯನ್ನು ಬದಲಿಸಬೇಕೆಂದಿದ್ದರೆ ಮೊದಲೇ ಬದಲಿಸಿ, ಕಬ್ಬಿಣದಿಂದ ದೂರ ನಿಂತು, ವಾಚನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಹಲವು ಬಾರಿ ಆಡಿಸಿ. (ಇಲ್ಲಿ ಎಂಟೆಂದರೆ ಇಂಗ್ಲಿಷ್ ಅಂಕಿ, ಕನ್ನಡದ ೮ ಬರೆದರೆ ಪ್ರಯೋಜನವಿಲ್ಲ.)

ಜಾಗದ ದೋಷಕ್ಕೆ ಕ್ಯಾಲಿಬ್ರೇಶನ್ ಮದ್ದಲ್ಲ. ಬೀರುವಿನ ಪಕ್ಕದಲ್ಲಿ ಮಾಡಿದರೆ ತಪ್ಪೇ ಗಟ್ಟಿಯಾಗುತ್ತದೆ. ದೂರ ಸರಿಯುವುದೇ ಉಪಾಯ, ಏಕೆಂದರೆ ಸಣ್ಣ ಅಯಸ್ಕಾಂತದಿಂದ ಇರುವ ದೂರ ಎರಡು ಪಟ್ಟಾದರೆ ಅದರ ಪ್ರಭಾವ ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ವಾಚಿನಂತೆಯೇ, ನಡಿಗೆಯನ್ನು ಅಳೆಯುವ ಪರೀಕ್ಷೆಗೆ ಕಾಲಿಗೆ ಕಟ್ಟುವ ಸೆನ್ಸರ್‌ಗಳೂ ಕೆಡಬಹುದು; ಅವು ನೆಲದ ಸರಳಿಗೆ ಹತ್ತಿರವಿರುವುದರಿಂದ ಸೊಂಟದವುಗಳಿಗಿಂತ ಹೆಚ್ಚು ದಾರಿ ತಪ್ಪುತ್ತವೆ. ಅಂಥಲ್ಲಿ ಮ್ಯಾಗ್ನೆಟೋಮೀಟರನ್ನೇ ಕೈಬಿಡುವ ಆಯ್ಕೆಯಿದ್ದರೆ ಅದನ್ನು ಬಳಸಿ, ಕೆಲವೇ ನಿಮಿಷಗಳ ಅಳತೆ ಮಾಡಿ, ಪ್ರತಿ ಸಲವೂ ಒಂದೇ ದಿಕ್ಕಿಗೆ ಮುಖಮಾಡಿ ನಿಂತು ಸೊನ್ನೆಯಿಂದ ಆರಂಭಿಸುವುದು ಒಳ್ಳೆಯದು.