ವೈಫೈ ಫುಲ್ ಐತೆ, ನೆಟ್ ಬರ್ತಿಲ್ಲ: ಮನೆ ರೂಟರನ್ನ ಅರ್ಥ ಮಾಡ್ಕೊಳ್ಳೋದು ಹೇಗೆ

ಫೋನಲ್ಲಿ ವೈಫೈ ಗೆರೆ ಫುಲ್ ಇರುತ್ತೆ, ವಾಟ್ಸಾಪಲ್ಲಿ ಒಂದು ಫೋಟೋನೂ ಹೋಗಲ್ಲ. ದಾವಣಗೆರೆಲಿ ಈಗ ನಿಟ್ಟುವಳ್ಳಿಯಿಂದ ಹಿಡಿದು ವಿದ್ಯಾನಗರದ ತನಕ ಕಂಬದಿಂದ ಕಂಬಕ್ಕೆ ಕಪ್ಪು ಫೈಬರ್ ವೈರ್ ಎಳೆದಿದ್ದಾರೆ, ಮಕ್ಕಳ ಓದು, ಅಂಗಡಿ ಬಿಲ್ಲು, ಮನೇಲೇ ಕೂತು ಮಾಡೋ ಆಫೀಸ್ ಕೆಲಸ ಎಲ್ಲಾ ಅದರ ಮೇಲೇ ನಿಂತೈತೆ, ಆದ್ರೆ ಲೈನ್ ಹೋದಾಗ ಕಸ್ಟಮರ್ ಕೇರಿಗೆ ಫೋನ್ ಹಚ್ಚಿದ್ರೆ ಪಾನ್ ಲೈಟ್ ಹೆಂಗೈತೆ, ಐಪಿ ಬಂದೈತಾ ಅಂತ ಕೇಳ್ತಾರೆ, ನಮಗೆ ಹೇಳೋಕೆ ಬರಲ್ಲ, ಕೊನೆಗೆ ರೀಸ್ಟಾರ್ಟ್ ಮಾಡಿ ನೋಡಿ ಅಂದು ಇಟ್ಬಿಡ್ತಾರೆ. ನಾಲ್ಕು ಹೆಸರು ಗೊತ್ತಿದ್ರೆ ನೆಟ್ ಎಲ್ಲಿ ಕಟ್ ಆಗೈತೆ ಅಂತ ನೀವೇ ಹೇಳಬಹುದು, ಅವರೂ ಸುಮ್ನೆ ಸಾಗಹಾಕೋಕೆ ಆಗಲ್ಲ.

ಮೊದಲನೇದಾಗಿ, ವೈಫೈ ಬೇರೆ ಇಂಟರ್ನೆಟ್ ಬೇರೆ. ವೈಫೈ ಅಂದ್ರೆ ನಿಮ್ಮ ಫೋನಿಗೂ ರೂಟರಿಗೂ ಮಧ್ಯೆ ಇರೋ ವೈರ್ ಇಲ್ಲದ ಸಂಪರ್ಕ, ಅಷ್ಟೇ. ರೂಟರಿಂದ ಆಚೆ ಕಂಪನಿ ತನಕ ಹೋಗೋದು ಇಂಟರ್ನೆಟ್ ಲೈನು. ಲಾರಿ ತಾಗಿ ರೋಡಲ್ಲಿ ವೈರ್ ತುಂಡಾಗಿ ಬಿದ್ದಿದ್ರೂ ಮನೇಲಿ ವೈಫೈ ಗೆರೆ ಫುಲ್ಲೇ ಇರುತ್ತೆ, ಯಾಕಂದ್ರೆ ರೂಟರಿಗೆ ಕರೆಂಟ್ ಇದ್ರೆ ಸಾಕು ಅದು ಸಿಗ್ನಲ್ ಬಿಡ್ತಾನೇ ಇರುತ್ತೆ. ಹಂಗಾಗಿ ಮೊದಲು ಹುಡುಕಬೇಕಾಗಿರೋದು, ತೊಂದರೆ ಮನೆ ಒಳಗೋ ಹೊರಗೋ ಅನ್ನೋದನ್ನ.

ಡಬ್ಬಿ ಮೇಲಿನ ದೀಪ ನೋಡ್ರಿ

ಫೈಬರ್ ವೈರ್ ಬಂದು ಸೇರೋ ಡಬ್ಬಿಗೆ ಓಎನ್‌ಟಿ ಅಂತಾರೆ, ಲೈನ್ ಹುಡುಗರು ಓಎನ್‌ಯು ಅಂತಲೂ ಅಂತಾರೆ. ಫೈಬರ್ ಒಳಗೆ ಬರೋದು ಬೆಳಕು, ಅದನ್ನ ನಮ್ಮ ಫೋನು ಕಂಪ್ಯೂಟರಿಗೆ ಬೇಕಾದ ಸಿಗ್ನಲ್ ಆಗಿ ಬದಲಾಯಿಸೋದು ಇದರ ಕೆಲಸ. ಬಹಳ ಮನೇಲಿ ಓಎನ್‌ಟಿನೂ ವೈಫೈ ರೂಟರೂ ಒಂದೇ ಡಬ್ಬೀಲಿ ಇರ್ತಾವೆ, ಕೆಲವು ಕಡೆ ಎರಡು ಡಬ್ಬಿ.

ಪಾನ್ (PON) ಅಂತ ಬರೆದಿರೋ ದೀಪ ಹಸಿರಾಗಿ ಮಿಣುಕದೆ ನಿಂತಿದ್ರೆ ಕಂಪನಿ ಲೈನ್ ನಿಮ್ಮ ಡಬ್ಬಿ ತನಕ ಸರಿಯಾಗಿ ಬಂದೈತೆ ಅಂತ. ಪಕ್ಕದಲ್ಲಿ ಎಲ್‌ಓಎಸ್ ಅಂತ ಇನ್ನೊಂದು ಇರುತ್ತೆ, ಲೈನ್ ಹುಡುಗರು ಅದನ್ನ ಲಾಸ್ ಅಂತಾರೆ, ಅದು ಕೆಂಪಗೆ ಮಿಣುಕ್ತಿದ್ರೆ ಬೆಳಕೇ ಬರ್ತಿಲ್ಲ. ಆಗ ಎಷ್ಟು ಸಲ ರೀಸ್ಟಾರ್ಟ್ ಮಾಡಿದ್ರೂ ಉಪಯೋಗ ಇಲ್ಲ. ಆದ್ರೆ ಕಂಪ್ಲೇಂಟ್ ಕೊಡೋಕೆ ಮುಂಚೆ ಡಬ್ಬಿ ಹಿಂದೆ ಒಂದ್ಸಲ ಕಣ್ಣಾಡಿಸ್ರಿ, ಹಸಿರು ಇಲ್ಲಾ ನೀಲಿ ಪಿನ್ ಇರೋ ತೆಳ್ಳನೆ ವೈರ್ ಸಡಿಲ ಆಗಿರಬಹುದು, ಇಲ್ಲಾ ಶೋಕೇಸ್ ಹಿಂದೆ ಮಡಚಿಕೊಂಡು ಕೂತಿರಬಹುದು. ಅದರೊಳಗೆ ಇರೋದು ಕೂದಲೆಳೆಯಷ್ಟು ಸಣ್ಣ ಗಾಜು, ಜೋರಾಗಿ ಬಗ್ಗಿಸಿದ್ರೆ ಬೆಳಕು ಸೋರಿ ಹೋಗುತ್ತೆ ಇಲ್ಲಾ ಗಾಜೇ ಮುರಿಯುತ್ತೆ. ಆ ಪಿನ್ ಬಿಚ್ಚಿ ತುದೀಲಿ ಕಣ್ಣಿಟ್ಟು ನೋಡೋದು ಬೇಡ, ಅದರಲ್ಲಿ ಬರೋ ಲೇಸರ್ ಬೆಳಕು ಕಣ್ಣಿಗೆ ಕಾಣಲ್ಲ, ಮಕ್ಕಳಿಗೂ ಹೇಳಿಡ್ರಿ.

ಪಾನ್ ಹಸಿರೇ ಐತೆ, ಇಂಟರ್ನೆಟ್ ಅಂತ ಬರೆದಿರೋ ದೀಪ ಮಾತ್ರ ಆರಿದೆ ಇಲ್ಲಾ ಕೆಂಪಗೈತೆ ಅಂದ್ರೆ ವೈರ್ ಸರಿ ಇದ್ದು ಲಾಗಿನ್ ಆಗ್ತಿಲ್ಲ ಅಂತ ಅನುಮಾನ ಪಡಬೇಕು. ಪ್ಲಾನ್ ದುಡ್ಡು ಕಟ್ಟೋ ದಿನ ಮುಗಿದೈತಾ ಮೊದಲು ನೋಡ್ರಿ. ಬಹಳ ಕಂಪನಿಗಳು ನಿಮ್ಮ ಲೈನನ್ನ ಒಂದು ಯೂಸರ್‌ನೇಮ್ ಪಾಸ್‌ವರ್ಡ್ ಇಂದ ಗುರುತು ಹಿಡಿತಾವೆ, ಅದಕ್ಕೆ ಪಿಪಿಪಿಓಇ ಅಂತ ಹೆಸರು, ಅದು ರೂಟರ್ ಒಳಗೇ ಸೇವ್ ಆಗಿರುತ್ತೆ.

ಇದಕ್ಕೇ ರೀಸ್ಟಾರ್ಟಿಗೂ ರೀಸೆಟ್ಟಿಗೂ ಇರೋ ವ್ಯತ್ಯಾಸ ಗೊತ್ತಿರಲೇಬೇಕು ಅಂತ ನಾನು ಒತ್ತಿ ಹೇಳೋದು. ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿದ್ರೆ ಅದು ರೀಸ್ಟಾರ್ಟ್, ಏನೂ ಅಳಿಸಲ್ಲ. ಹಿಂದೆ ಸೂಜಿ ತೂರೋ ಅಷ್ಟು ಸಣ್ಣ ತೂತು ಇರುತ್ತಲ್ಲ, ಅದರೊಳಗಿನ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೆ ಅದು ರೀಸೆಟ್, ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್, ಆ ಪಿಪಿಪಿಓಇ ಲಾಗಿನ್ ಎಲ್ಲಾ ಅಳಿಸಿ ಹೋಗಬಹುದು, ಆಮೇಲೆ ಹುಡುಗ ಮನೆಗೆ ಬರೋ ತನಕ ನೆಟ್ ಇಲ್ಲ. ಆ ತೂತಿಗೆ ಕೈ ಹಾಕಬೇಡ್ರಿ.

ಐಪಿ ಅಡ್ರೆಸ್ ಅಂದ್ರೆ

ನೆಟ್ವರ್ಕಲ್ಲಿ ಇರೋ ಪ್ರತಿ ಸಾಧನಕ್ಕೂ ಒಂದು ನಂಬರ್ ಬೇಕು, ಅದೇ ಐಪಿ ಅಡ್ರೆಸ್. ಮನೆ ಫೋನಿಗೆ 192.168.1.5, ಟಿವಿಗೆ 192.168.1.8 ಹಿಂಗೆ ಇರ್ತಾವೆ. ಈ ನಂಬರ್ ಹಂಚೋದು ರೂಟರ್ ಒಳಗಿನ ಡಿಎಚ್‌ಸಿಪಿ ಅನ್ನೋ ವ್ಯವಸ್ಥೆ, ನೀವು ಕೈಯಾರೆ ಏನೂ ಹಾಕೋದು ಬೇಕಿಲ್ಲ. 192.168 ಇಂದ ಶುರುವಾಗೋ ನಂಬರ್ ನಿಮ್ಮ ಮನೇಲೂ ಇರುತ್ತೆ, ಪಕ್ಕದ ಮನೇಲೂ ಇರುತ್ತೆ, ನಮ್ಮೂರಿನ ಎಂಸಿಸಿ ಬಡಾವಣೆಯ ಎ ಬ್ಲಾಕಲ್ಲೂ ಬಿ ಬ್ಲಾಕಲ್ಲೂ ಅದೇ ನಂಬರಿನ ಕ್ರಾಸ್ ಇದ್ದಂಗೆ, ಒಂದಕ್ಕೊಂದು ಗಲಾಟೆ ಇಲ್ಲ, ಯಾಕಂದ್ರೆ ಅವು ಮನೆ ಒಳಗೆ ಮಾತ್ರ ನಡೆಯೋ ಪ್ರೈವೇಟ್ ಅಡ್ರೆಸ್. ಹೊರಗಿನ ಇಂಟರ್ನೆಟ್ಟಿಗೆ ಕಾಣೋದು ಪಬ್ಲಿಕ್ ಐಪಿ, ಮನೆಯ ಎಲ್ಲಾ ಫೋನು ಟಿವಿ ಸೇರಿ ಅದನ್ನೇ ಹಂಚಿಕೊಳ್ಳೋ ಹಂಗೆ ರೂಟರ್ ಮಾಡೋ ಕೆಲಸಕ್ಕೆ ನ್ಯಾಟ್ ಅಂತಾರೆ. ಹಳೇ ಪದ್ಧತಿಯ ಐಪಿವಿ4 ಅಡ್ರೆಸ್ ಇರೋದೇ ಸುಮಾರು 430 ಕೋಟಿ, ಇಡೀ ಜಗತ್ತಿಗೆ ಸಾಲಲ್ಲ, ಅದಕ್ಕೇ ಈ ಹಂಚಿಕೆ, ಅದಕ್ಕೇ ಐಪಿವಿ6 ಅನ್ನೋ ಉದ್ದನೆ ಅಡ್ರೆಸ್ಸೂ ಬಂತು.

ಗೇಟ್‌ವೇ ಅಂದ್ರೆ ನಿಮ್ಮ ರೂಟರಿನ ಸ್ವಂತ ಐಪಿ, ಸಾಮಾನ್ಯವಾಗಿ 192.168.1.1 ಇಲ್ಲಾ 192.168.0.1, ಡಬ್ಬಿ ಕೆಳಗಿನ ಸ್ಟಿಕ್ಕರಲ್ಲಿ ಬರೆದಿರುತ್ತೆ. ಡಿಎನ್‌ಎಸ್ ಅಂದ್ರೆ ನೀವು ಟೈಪ್ ಮಾಡೋ ವೆಬ್‌ಸೈಟ್ ಹೆಸರನ್ನ ಐಪಿ ನಂಬರಿಗೆ ಬದಲಾಯಿಸಿ ಕೊಡೋ ಸೇವೆ.

ಈಗ ಪರೀಕ್ಷೆ ಮಾಡ್ರಿ

ಲ್ಯಾಪ್‌ಟಾಪ್ ಇದ್ರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರೋ ಬಾಕ್ಸಲ್ಲಿ ಇಂಗ್ಲಿಷಲ್ಲಿ ಸಿಎಂಡಿ (cmd) ಅಂತ ಹೊಡೆದು ಎಂಟರ್ ಕೊಡ್ರಿ, ಕಪ್ಪು ಪರದೆ ಬರುತ್ತೆ. ಅದರಲ್ಲಿ ಐಪಿಕಾನ್ಫಿಗ್ (ipconfig) ಅಂತ ಒಂದೇ ಪದವಾಗಿ ಇಂಗ್ಲಿಷಲ್ಲೇ ಬರೀರಿ. ಐಪಿವಿ4 ಅಡ್ರೆಸ್ ಅಂತ ಇರೋ ಸಾಲು ನೋಡ್ರಿ, ಅಲ್ಲಿ 169.254 ಇಂದ ಶುರುವಾಗೋ ನಂಬರ್ ಇದ್ರೆ ರೂಟರ್ ನಿಮ್ಮ ಲ್ಯಾಪ್‌ಟಾಪಿಗೆ ಐಪಿ ಕೊಟ್ಟೇ ಇಲ್ಲ, ತೊಂದರೆ ಮನೆ ಒಳಗೇ ಐತೆ, ವೈಫೈ ಆಫ್ ಮಾಡಿ ಆನ್ ಮಾಡ್ರಿ, ಆಗ್ಲಿಲ್ಲ ಅಂದ್ರೆ ರೂಟರ್ ರೀಸ್ಟಾರ್ಟ್.

ಐಪಿ ಸರಿ ಇದ್ರೆ ಪಿಂಗ್ (ping) ಅಂತ ಬರೆದು ಒಂದು ಜಾಗ ಬಿಟ್ಟು ಗೇಟ್‌ವೇ ನಂಬರ್ ಹಾಕ್ರಿ. ರಿಪ್ಲೈ ಫ್ರಮ್ ಅಂತ ಸಾಲು ಸಾಲಾಗಿ ಬಂದು ಟೈಮ್ ಪಕ್ಕ 2 ಎಂಎಸ್, 3 ಎಂಎಸ್ (ಎಂಎಸ್ ಅಂದ್ರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು) ಅಂತ ಇದ್ರೆ ಲ್ಯಾಪ್‌ಟಾಪಿಂದ ರೂಟರ್ ತನಕ ದಾರಿ ಚೆನ್ನಾಗೈತೆ. ರಿಕ್ವೆಸ್ಟ್ ಟೈಮ್ಡ್ ಔಟ್ ಅಂತ ಬಂದ್ರೆ ಇಲ್ಲಾ ಒಂದು ಸಾಲಲ್ಲಿ 3, ಇನ್ನೊಂದರಲ್ಲಿ 400 ಅಂತ ಏರುಪೇರಾದ್ರೆ ವೈಫೈನೇ ದುರ್ಬಲ ಐತೆ, ಕಂಪನಿಗೆ ಬೈದು ಪ್ರಯೋಜನ ಇಲ್ಲ. ಆಮೇಲೆ ಪಿಂಗ್ 8.8.8.8, ಇದು ಗೂಗಲಿನ ಡಿಎನ್‌ಎಸ್ ಸರ್ವರ್. ಗೇಟ್‌ವೇ ಉತ್ತರ ಕೊಟ್ಟು ಇದು ಕೊಡದಿದ್ರೆ ಬಹುಮಟ್ಟಿಗೆ ತೊಂದರೆ ನಿಮ್ಮ ರೂಟರಿಂದ ಆಚೆ. ಇದೂ ಉತ್ತರ ಕೊಡ್ತು, ಆದ್ರೆ ಬ್ರೌಸರಲ್ಲಿ ಯಾವ ಸೈಟೂ ತೆಗಿತಿಲ್ಲ ಅಂದ್ರೆ ಡಿಎನ್‌ಎಸ್ ಮೇಲೆ ಅನುಮಾನ, ಅದನ್ನ 8.8.8.8 ಇಲ್ಲಾ ಕ್ಲೌಡ್‌ಫ್ಲೇರಿನ 1.1.1.1 ಗೆ ಬದಲಾಯಿಸಿ ನೋಡಬಹುದು. ಈ ಪಿಂಗ್ ಒಂದು ಕಲಿತುಬಿಟ್ರೆ ಅರ್ಧ ಗೊಂದಲ ಹೋಗುತ್ತೆ, ಲ್ಯಾಪ್‌ಟಾಪ್ ಇಲ್ಲದವರು ಫೋನಲ್ಲಿ ಪಿಂಗ್ ಮಾಡೋ ಉಚಿತ ಆಪ್ ಹಾಕ್ಕೊಂಡು ಇದನ್ನೇ ಮಾಡಬಹುದು.

ನೆಟ್ ಐತೆ, ಆದ್ರೆ ನಿಧಾನ

ಪ್ಲಾನ್ 100 ಎಂಬಿಪಿಎಸ್ ಅಂತಾರೆ, ಡೌನ್‌ಲೋಡ್ ಮಾಡುವಾಗ 12 ಎಂಬಿ ಅಷ್ಟೇ ತೋರಿಸ್ತೈತೆ, ಮೋಸ ಅಂತ ಬಹಳ ಜನ ಅಂದ್ಕೊಳ್ತಾರೆ. ಮೋಸ ಅಲ್ಲ. ಪ್ಲಾನ್ ಹೇಳೋದು ಮೆಗಾಬಿಟ್, ಫೈಲ್ ಅಳೆಯೋದು ಮೆಗಾಬೈಟ್, 8 ಬಿಟ್ಟಿಗೆ 1 ಬೈಟ್, 100ನ್ನ 8ರಿಂದ ಭಾಗಿಸಿದ್ರೆ ಹನ್ನೆರಡೂವರೆ.

ನಿಜವಾದ ತೊಂದರೆ ಜಾಸ್ತಿ ಇರೋದು ಬ್ಯಾಂಡಲ್ಲಿ, ಅಂದ್ರೆ ವೈಫೈ ಸಿಗ್ನಲ್ ಓಡಾಡೋ ರೇಡಿಯೋ ತರಂಗದ ದಾರೀಲಿ. 2.4 ಗಿಗಾಹರ್ಟ್ಸ್ ದೂರ ಹೋಗುತ್ತೆ, ಗೋಡೆ ದಾಟುತ್ತೆ, ಸ್ಪೀಡ್ ಕಡಿಮೆ, ಅಕ್ಕಪಕ್ಕದ ಎಲ್ಲಾ ಮನೆ ರೂಟರೂ ಅದೇ ಜಾಗದಲ್ಲಿ ಕೂಗಾಡ್ತಿರ್ತಾವೆ, ಮೈಕ್ರೋವೇವ್ ಓವನ್ನೂ ಅಲ್ಲೇ. 5 ಗಿಗಾಹರ್ಟ್ಸ್ ಬಹಳ ಸ್ಪೀಡು, ಆದ್ರೆ ಎರಡು ಗೋಡೆ ದಾಟೋಷ್ಟರಲ್ಲಿ ಸುಸ್ತು. ಹಳೇ ಊರಿನ ಕಡೆ ದಪ್ಪ ಗೋಡೆ ಮನೆಗಳಲ್ಲಂತೂ ಪಡಸಾಲೆಲಿ ಇರೋ 5 ಗಿಗಾಹರ್ಟ್ಸ್ ಅಡುಗೆಮನೆಗೆ ಸರಿಯಾಗಿ ಮುಟ್ಟಲ್ಲ. ರೂಟರ್ ಇರೋ ರೂಮಲ್ಲಿ ಟಿವಿ, ಲ್ಯಾಪ್‌ಟಾಪಿಗೆ 5, ದೂರದ ರೂಮಿಗೆ 2.4 ಹಚ್ಚಿಕೊಳ್ರಿ. 2.4ರಲ್ಲಿ ಚಾನೆಲ್, ಅಂದ್ರೆ ಆ ದಾರಿಯೊಳಗಿನ ಸಣ್ಣ ಪಟ್ಟಿ, ಬದಲಾಯಿಸೋ ಹಂಗಿದ್ರೆ 1, 6, 11 ಇವುಗಳಲ್ಲಿ ಒಂದನ್ನ ಇಡ್ರಿ, ಈ ಮೂರು ಒಂದರ ಮೇಲೊಂದು ಬೀಳಲ್ಲ.

ರೂಟರನ್ನ ಅಲಮಾರಿ ಒಳಗೆ, ಟಿವಿ ಹಿಂದೆ, ಫ್ರಿಜ್ ಪಕ್ಕ ಇಡೋದು ಬಿಟ್ಟು ಮನೆ ನಡುವೆ ಎತ್ತರದಲ್ಲಿ ಇಡ್ರಿ. ಮೇಲಿನ ಮನೆಗೂ ನೆಟ್ ಬೇಕು ಅಂದ್ರೆ ನನ್ನ ಮಟ್ಟಿಗೆ ಅಗ್ಗದ ರಿಪೀಟರ್ ಬೇಡ, ಅದು ಅದೇ ವೈಫೈನ ಹಿಡಿದು ಅದರಲ್ಲೇ ವಾಪಸ್ ಕಳಿಸೋದ್ರಿಂದ ಸ್ಪೀಡ್ ಅರ್ಧದಷ್ಟು ಬೀಳಬಹುದು. ಒಂದು ಲ್ಯಾನ್ ಕೇಬಲ್ ಎಳೆಸಿ ಮೇಲೆ ಇನ್ನೊಂದು ರೂಟರನ್ನ ಆಕ್ಸೆಸ್ ಪಾಯಿಂಟ್ ಮೋಡಲ್ಲಿ, ಅಂದ್ರೆ ಕೇಬಲಲ್ಲಿ ಬಂದ ನೆಟ್ಟನ್ನ ವೈಫೈ ಆಗಿ ಬಿಡೋಕೆ ಮಾತ್ರ, ಇಡೋದೇ ಸರಿ. ಕ್ಯಾಟ್5ಇ ಇಲ್ಲಾ ಕ್ಯಾಟ್6 ಕೇಬಲ್ ಕೇಳ್ರಿ, 100 ಮೀಟರ್ ತನಕ ತೊಂದರೆ ಇಲ್ಲ. ದೊಡ್ಡ ಪ್ಲಾನ್ ಇದ್ರೂ ಕೇಬಲಲ್ಲಿ ಸ್ಪೀಡ್ 95ರ ಹತ್ರವೇ ನಿಂತುಬಿಟ್ರೆ ಕೇಬಲ್ ಒಳಗಿನ ಎಳೆ ಕಟ್ ಆಗಿರುತ್ತೆ ಇಲ್ಲಾ ಆ ಪೋರ್ಟೇ 100 ಎಂಬಿಪಿಎಸ್ಸಿನದು.

ಬೀಗ ಹಾಕ್ರಿ

ರೂಟರಿಗೆ ಎರಡು ಪಾಸ್‌ವರ್ಡ್. ಒಂದು ವೈಫೈದು, ಇನ್ನೊಂದು ಬ್ರೌಸರಲ್ಲಿ 192.168.1.1 ಹೊಡೆದಾಗ ಕೇಳೋ ಅಡ್ಮಿನ್ ಪಾಸ್‌ವರ್ಡ್. ಎರಡನೇದನ್ನ ಯಾರೂ ಬದಲಾಯಿಸಲ್ಲ, ಅಡ್ಮಿನ್ ಅಡ್ಮಿನ್ ಅಂತಲೇ ಬಿಟ್ಟಿರ್ತಾರೆ, ನಿಮ್ಮ ವೈಫೈಗೆ ಸೇರಿದವರು ಯಾರು ಬೇಕಾದ್ರೂ ಒಳಗೆ ಹೋಗಿ ಡಿಎನ್‌ಎಸ್ ತಿರುಚಿ ಕಳ್ಳ ಸೈಟಿಗೆ ಕಳಿಸಬಹುದು, ಇವತ್ತೇ ಬದಲಾಯಿಸ್ರಿ. ಎಸ್‌ಎಸ್‌ಐಡಿ ಅಂದ್ರೆ ನಿಮ್ಮ ವೈಫೈ ಹೆಸರು, ಅದರಲ್ಲಿ ಮನೆ ನಂಬರ್, ಫೋನ್ ನಂಬರ್ ಬೇಡ. ಸೆಕ್ಯುರಿಟಿ ಅನ್ನೋ ಕಡೆ ಡಬ್ಲ್ಯುಪಿಎ2 ಇಲ್ಲಾ ಡಬ್ಲ್ಯುಪಿಎ3 ಅನ್ನೋ ಬೀಗದ ಪದ್ಧತಿ ಇರಲಿ, ಬಟನ್ ಇಲ್ಲಾ ಪಿನ್ ನಂಬರಿಂದ ವೈಫೈಗೆ ಸೇರಿಸೋ ಡಬ್ಲ್ಯುಪಿಎಸ್ ಆಫ್ ಮಾಡ್ರಿ. ಬಾಡಿಗೆಯವರಿಗೆ, ನೆಂಟರಿಗೆ ಗೆಸ್ಟ್ ನೆಟ್ವರ್ಕ್ ಮಾಡಿ ಬೇರೆ ಪಾಸ್‌ವರ್ಡ್ ಕೊಡ್ರಿ, ಮನೆ ಕ್ಯಾಮೆರಾ ಪ್ರಿಂಟರ್ ಅವರಿಗೆ ಕಾಣದ ಹಂಗೆ ಇಡಬಹುದು.

ಮಂಡಿಪೇಟೆ ಕಡೆ ಅಂಗಡಿಯವರಿಗೆ ಒಂದು ಮಾತು. ಸಿಸಿಟಿವಿ ಡಿವಿಆರ್‌ನ ಮನೇಲಿ ಕೂತು ನೋಡೋಕೆ ಪೋರ್ಟ್ ಫಾರ್ವರ್ಡಿಂಗ್ (ಹೊರಗಿಂದ ಬರೋ ಸಂಪರ್ಕನ ರೂಟರ್ ಡಿವಿಆರ್ ಕಡೆ ಕಳಿಸೋದು) ಮಾಡಿಸಿದ್ರೂ ಬರ್ತಿಲ್ಲ ಅಂದ್ರೆ ರೂಟರ್ ಸ್ಟೇಟಸ್ ಪೇಜಲ್ಲಿ ವ್ಯಾನ್ ಐಪಿ, ಅಂದ್ರೆ ಕಂಪನಿ ನಿಮ್ಮ ರೂಟರಿಗೆ ಕೊಟ್ಟಿರೋ ಐಪಿ, ನೋಡ್ರಿ, ಅದು 100.64ರಿಂದ 100.127ರ ಒಳಗಿದ್ರೆ ಕಂಪನಿಯೇ ಒಂದು ಪಬ್ಲಿಕ್ ಐಪಿನ ಬಹಳ ಗಿರಾಕಿಗಳಿಗೆ ಹಂಚೈತೆ, ಇದಕ್ಕೆ ಸಿಜಿನ್ಯಾಟ್ ಅಂತಾರೆ. ಆಗ ಫಾರ್ವರ್ಡಿಂಗ್ ಕೆಲಸ ಮಾಡಲ್ಲ, ಕ್ಯಾಮೆರಾ ಕಂಪನಿ ಆಪ್ ಮೂಲಕ ನೋಡ್ರಿ ಇಲ್ಲಾ ಸ್ಟಾಟಿಕ್ ಐಪಿ, ಅಂದ್ರೆ ನಿಮಗೇ ಅಂತ ಇರೋ ಬದಲಾಗದ ಪಬ್ಲಿಕ್ ಐಪಿ, ಕೇಳಿ ತಗೊಳ್ರಿ.

ಕಂಪ್ಲೇಂಟ್ ಕೊಡುವಾಗ ನೆಟ್ ಇಲ್ಲ ಅಂತ ಮಾತ್ರ ಹೇಳಬೇಡ್ರಿ. ‘ಪಾನ್ ಹಸಿರು ಐತ್ರಿ, ಗೇಟ್‌ವೇಗೆ ಪಿಂಗ್ ಆಗ್ತೈತೆ, 8.8.8.8ಕ್ಕೆ ಆಗ್ತಿಲ್ಲ, ಬೆಳಗ್ಗೆ ಎಂಟರಿಂದ ಹಿಂಗೇ ಐತೆ’ ಅನ್ರಿ, ಇಲ್ಲಾ ‘ಲಾಸ್ ಕೆಂಪಗೈತೆ, ಪಿನ್ ನೋಡಿದ್ದೀನಿ’ ಅನ್ರಿ. ಡಾಕೆಟ್ ನಂಬರ್, ಅಂದ್ರೆ ಕಂಪ್ಲೇಂಟ್ ನಂಬರ್, ತಪ್ಪದೆ ಇಸ್ಕೊಂಡು ಬರೆದಿಟ್ಕೊಳ್ರಿ, ಕಂಪ್ಲೇಂಟ್ ಬಗೆಹರಿಲಿಲ್ಲ ಅಂದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುವಾಗ ಆ ನಂಬರ್ ಬೇಕಾಗುತ್ತೆ.