ಮೂವರು ಗಟ್ಟಿ ಆಟಗಾರರ ಜೊತೆ ನಾಲ್ಕನೆಯವನಾಗಿ

ನಾನು ಬಿಜಿಎಂಐ, ಅಂದರೆ ಟೀಮುಗಳು ಗುಂಡು ಹಾರಿಸುತ್ತಾ ಕೊನೆಯವರೆಗೆ ಉಳಿಯಲು ಹೋರಾಡುವ ಮೊಬೈಲ್ ಆಟ, ಶುರು ಮಾಡಿದ್ದು 2021ರಲ್ಲಿ, ಆಟ ಬಂದ ಹೊಸದರಲ್ಲೇ. ವಸಂತನರಸಾಪುರದಲ್ಲಿ ಶಿಫ್ಟ್ ಮುಗಿಸಿ ಕ್ಯಾತ್ಸಂದ್ರದ ಮನೆಗೆ ಬಂದ ಮೇಲೆ ಒಂದೆರಡು ಮ್ಯಾಚ್, ಅಷ್ಟೇ. ನಮ್ಮ ಬೀದಿಯ ಇಂಜಿನಿಯರಿಂಗ್ ಹುಡುಗರ ಟೀಮಿನಲ್ಲಿ ಒಬ್ಬ ಕೊನೇ ಗಳಿಗೆಯಲ್ಲಿ ಕೈಕೊಟ್ಟ. "ಟೂರ್ನಮೆಂಟಿಗೆ ಒಬ್ರು ಕಮ್ಮಿ, ನೀನು ಬಾರಣ್ಣ" ಅಂದರು. ಉಳಿದ ಮೂವರ ಆಟ ನೋಡಿದ್ದೆ. ಎದುರಾಳಿ ಕಿಟಕಿಯಲ್ಲಿ ತಲೆ ಹಾಕುವಷ್ಟರಲ್ಲಿ ಹೊಡೆದು ಮುಗಿಸಿರುತ್ತಿದ್ದರು. ಆ ಚುರುಕು ನನಗಿಲ್ಲ. ಉಳಿದಿದ್ದ ಹತ್ತು ದಿನದಲ್ಲಿ ಬರುವಂಥದ್ದೂ ಅಲ್ಲ.

ಅದಕ್ಕೇ ಮೊದಲು ಲೆಕ್ಕ ನೋಡಿದೆ. 16 ಟೀಮು, 64 ಜನ. ಒಂದು ಫಿನಿಶ್‌ಗೆ (ಎದುರಾಳಿ ಒಬ್ಬನನ್ನು ಹೊಡೆದು ಆಟದಿಂದ ಹೊರಹಾಕಿದರೆ) 1 ಪಾಯಿಂಟ್. ಮೊದಲ ಸ್ಥಾನಕ್ಕೆ 10, ಎರಡನೆಯದಕ್ಕೆ 6, ಆಮೇಲೆ 5, 4, 3, 2, ಏಳು ಎಂಟಕ್ಕೆ ಒಂದೊಂದು. ಟೀಮಿನ ಕೊನೆಯವನು ಬೀಳುವವರೆಗೂ ಟೀಮು ಆಟದಲ್ಲೇ ಇರುತ್ತದೆ. ಮೂವರೂ ಹೋದ ಮೇಲೆ ನಾನೊಬ್ಬ ಬದುಕಿದ್ದು ಆರನೇ ಸ್ಥಾನವನ್ನು ನಾಲ್ಕಕ್ಕೆ ತಂದರೆ ಇಬ್ಬರನ್ನು ಹೊಡೆದಷ್ಟೇ ಆಯ್ತು, ಅಲ್ವಾ? ನನ್ನ ಕೆಲಸ ಏನು ಅಂತ ಆಗ ತಿಳಿಯಿತು.

ಭಾನುವಾರ ಬೆಳಿಗ್ಗೆ ನಾಲ್ವರೂ ತಟ್ಟೆ ಇಡ್ಲಿ ತಿನ್ನಲು ಕೂತೆವು. ನಮ್ಮ ಐಜಿಎಲ್, ಅಂದರೆ ಎಲ್ಲಿ ಇಳಿಯಬೇಕು, ಯಾವಾಗ ಹೊರಡಬೇಕು ಅಂತ ಹೇಳುವ ಹುಡುಗ, ಖಾಲಿ ತಟ್ಟೆಯೊಳಗೆ ಚಟ್ನಿ ಬಟ್ಟಲು ಇಟ್ಟ. "ನೋಡಣ್ಣ, ತಟ್ಟೆ ಈಗಿನ ಝೋನ್. ಮುಂದಿನದು ಇದರೊಳಗೇ ಬರೋದು. ಆದ್ರೆ ಯಾವ ಕಡೆ ಅಂತ ಹೇಳಕ್ಕಾಗಲ್ಲ" ಅನ್ನುತ್ತಾ ಬಟ್ಟಲನ್ನು ಈ ಅಂಚಿನಿಂದ ಆ ಅಂಚಿಗೆ ಜರುಗಿಸಿದ. ಝೋನ್ ಅಂದರೆ ಆಟದಲ್ಲಿ ಸುರಕ್ಷಿತವಾದ ವೃತ್ತ. ಅದು ಕುಗ್ಗುತ್ತಾ ಹೋಗುತ್ತದೆ, ಹೊರಗೆ ಉಳಿದರೆ ಪ್ರಾಣ ಕಮ್ಮಿಯಾಗುತ್ತದೆ. ಅದಕ್ಕೇ ಗಾಡಿ ಯಾವಾಗಲೂ ಹತ್ತಿರ ಇರಬೇಕು. ಗಾಡಿ ಹುಡುಕುವುದು, ಓಡಿಸುವುದು ನನ್ನ ಪಾಲಿಗೆ ಬಂತು.

ಮಾತು ತಿದ್ದಿಕೊಳ್ಳುವುದು ಇನ್ನೂ ಕಷ್ಟವಾಯಿತು. ಯಾರಾದರೂ ಕಂಡರೆ "ಅಲ್ಲಿ, ಅಲ್ಲಿ, ಮರದ ಹತ್ರ" ಅಂತ ಕೂಗುವುದು ನನ್ನ ಅಭ್ಯಾಸ. ಕೇಳುವವನಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಪರದೆಯ ಮೇಲ್ಗಡೆ ದಿಕ್ಸೂಚಿಯಲ್ಲಿ ಅಂಕಿ ಇದೆಯಲ್ಲ, ಅದನ್ನು ಓದಿ "240, ಒಬ್ಬ, ಬಂಡೆ ಹಿಂದೆ" ಅಂತಷ್ಟೇ ಹೇಳಲು ಕಲಿತೆ. ಹುಡುಗರು ಗುಂಡು ಹಾರಿಸುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದನ್ನೂ ಕಲಿತೆ. ಅವರು ಕಿವಿಯಲ್ಲೇ ಹೆಜ್ಜೆ ಸಪ್ಪಳ ಹಿಡಿಯುತ್ತಾರೆ.

ದಿನಾ ಅರ್ಧ ಗಂಟೆ ಟ್ರೈನಿಂಗ್ ಗ್ರೌಂಡ್‌ನಲ್ಲಿ ಸ್ಮೋಕ್, ಅಂದರೆ ಹೊಗೆ ಬಾಂಬ್, ಎಸೆದು ಅಭ್ಯಾಸ ಮಾಡಿದೆ. ಗುಂಡು ಸ್ವಲ್ಪ ಕಮ್ಮಿ ಮಾಡಿ, ಬ್ಯಾಗಿನಲ್ಲಿ ಆರು ಸ್ಮೋಕ್ ಇಟ್ಟುಕೊಳ್ಳುವ ಪದ್ಧತಿ ಮಾಡಿದೆ.

ಅದು ಕೈಹಿಡಿದದ್ದು ಮೂರನೇ ಮ್ಯಾಚಿನಲ್ಲಿ. ಎರಾಂಗೆಲ್ ಮ್ಯಾಪು, ರೊಝೋಕ್ ಹತ್ತಿರದ ಇಳಿಜಾರು. ಐಜಿಎಲ್ ಬಯಲಲ್ಲಿ ನಾಕ್ ಆಗಿ, ಅಂದರೆ ಗುಂಡೇಟಿಗೆ ನೆಲಕ್ಕೆ ಬಿದ್ದು, ತೆವಳುತ್ತಿದ್ದ. ಮೊದಲಾಗಿದ್ದರೆ ಸ್ಮೋಕನ್ನು ಬಿದ್ದವನ ಮೇಲೇ ಹಾಕುತ್ತಿದ್ದೆ. ಹಾಗೆ ಹಾಕಿದರೆ ಎದುರಿನವರು ಆ ಹೊಗೆಯೊಳಗೇ ಗುಂಡು ಸುರಿಯುತ್ತಾರೆ. ಈ ಸಲ ಅವನಿಗೂ ಎದುರಾಳಿಗೂ ನಡುವೆ ಸಾಲಾಗಿ ಮೂರು ಎಸೆದೆ, ಗೋಡೆ ಕಟ್ಟಿದ ಹಾಗೆ. ಹೊಗೆ ಹರಡಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಎಷ್ಟು ಉದ್ದ ಅನ್ನಿಸಿತು! ಹೆಬ್ಬೆರಳು ಬೆವರಿ ಪರದೆ ಮೇಲೆ ಜಾರುತ್ತಿತ್ತು. ಬಿಳಿ ಪೂರ್ತಿ ತುಂಬಿದ ಮೇಲೆ ಓಡಿ ಹೋಗಿ, ಬಿದ್ದವನನ್ನು ಎಬ್ಬಿಸುವ ರಿವೈವ್ ಬಟನ್ ಒತ್ತಿದೆ. ಎದ್ದವನೇ ಇಬ್ಬರನ್ನು ಹೊಡೆದ. "ಸೂಪರ್ ಸ್ಮೋಕಣ್ಣೋ" ಅಂದ. ಆ ಮ್ಯಾಚಿನಲ್ಲಿ ಎರಡನೇ ಸ್ಥಾನ ಬಂತು.

ಆರು ಮ್ಯಾಚಿಗೆ ನನ್ನ ಫಿನಿಶ್ ಬರೀ ಮೂರು. ಟೀಮು ಒಟ್ಟಾರೆ ಐದನೆಯದಾಯಿತು. ಹುಡುಗರು ಮುಂದಿನ ಸಲಕ್ಕೂ ನನ್ನ ಹೆಸರೇ ಬರೆಸಿದ್ದಾರೆ. ಈ ಸಲ ಮಿರಾಮಾರ್ ಮ್ಯಾಪೂ ಇದೆ. ಬರೀ ಮರುಭೂಮಿ, ಮರದ ಆಸರೆ ಕಮ್ಮಿ. ಆರು ಸ್ಮೋಕ್ ಸಾಲುವುದಿಲ್ಲ, ಎಂಟಕ್ಕೆ ಬ್ಯಾಗಿನಲ್ಲಿ ಜಾಗ ಮಾಡುತ್ತಿದ್ದೇನೆ.