ಟ್ಯಾಂಕ್ ಕೊರೆಯದೆ ಓವರ್‌ಫ್ಲೋ: ಕರೆಂಟ್ ಹೋಗಿಬಂದರೂ ತಾನೇ ಹರಿಯುವ ಸೈಫನ್

ಹಳ್ಳದಿಂದ ಮನೆಗೆ ಕರಿ ಪೈಪ್ ಎಳೆದು ನೀರು ತಂದವರಿಗೆ ಸೈಫನ್ ಹೊಸದಲ್ಲ. ದಿಬ್ಬ ಹತ್ತಿ ಇಳಿಯುವಲ್ಲಿ ಪೈಪಿನೊಳಗೆ ಗಾಳಿ ಕಟ್ಟಿಕೊಂಡರೆ ನೀರು ನಿಂತುಬಿಡುತ್ತದೆ. ಅಕ್ವೇರಿಯಂನ ಹೆಚ್ಚಾದ ನೀರನ್ನು ಗ್ಲಾಸಿನ ಅಂಚು ದಾಟಿಸಿ ಕೆಳಗಿನ ಸಂಪಿಗೆ (ನೀರು ಸೋಸುವ ತೊಟ್ಟಿಗೆ) ಇಳಿಸುವ ಸೈಫನ್ ಓವರ್‌ಫ್ಲೋ ಕೆಡುವುದೂ ಅದೇ ಕಾರಣಕ್ಕೆ. ಆದರೆ ಇಲ್ಲಿ ಸೈಫನ್ ನಿಂತರೂ ಕೆಳಗಿನ ಸಂಪಿನ ಪಂಪ್ ನಿಲ್ಲುವುದಿಲ್ಲ. ಅದು ಮೇಲಕ್ಕೆ ತುಂಬಿಸುತ್ತಲೇ ಇರುತ್ತದೆ, ನೀರು ಮನೆಯ ಹಾಲ್‌ನ ನೆಲಕ್ಕೆ ಬರುತ್ತದೆ. ಕಕ್ಕಡದ (ಜುಲೈ–ಆಗಸ್ಟ್) ಮಳೆಗೆ ಮರ ಬಿದ್ದು ಲೈನ್ ಹೋಗುವ ಕೊಡಗಿನಲ್ಲಿ ಓವರ್‌ಫ್ಲೋಗೆ ಇರುವುದು ಒಂದೇ ಪರೀಕ್ಷೆ: ಕರೆಂಟ್ ಹೋದಾಗ ಪೈಪಿನೊಳಗಿನ ನೀರು ಹಾಗೇ ನಿಂತಿರಬೇಕು, ಬಂದಾಗ ಯಾರೂ ಮುಟ್ಟದೆ ಹರಿಯಬೇಕು.

ಇಲ್ಲಿ ಕೊಟ್ಟಿರುವ ಅಳತೆಗಳು 3 ಅಡಿ ಉದ್ದ, 15 ಇಂಚು ಅಗಲ, 18 ಇಂಚು ಎತ್ತರದ ಟ್ಯಾಂಕಿಗೆ.

ನೀರಿನ ದಾರಿ ಹೀಗಿದೆ. ಟ್ಯಾಂಕಿನ ಮೇಲ್ಮೈ ನೀರು ಸೀಳುಗಳಿರುವ ಬಾಯಿಗೆ ಇಳಿಯುತ್ತದೆ, ಕೆಳಗೆ ಯು ಆಕಾರದಲ್ಲಿ ತಿರುಗಿ ಮೇಲೇರುತ್ತದೆ, ಗ್ಲಾಸಿನ ಅಂಚು ದಾಟಿ ಹೊರಗೆ ಇಳಿಯುತ್ತದೆ, ಅಲ್ಲೂ ಒಂದು ಯು ತಿರುಗಿ ಟೀವರೆಗೆ (T ಆಕಾರದ, ಮೂರು ಬಾಯಿಯ ಕೂಡು) ಏರಿ, ಟೀಯ ಪಕ್ಕದ ಬಾಯಿಯಿಂದ ಸಂಪಿಗೆ ಬೀಳುತ್ತದೆ. ಟೀಯ ಮೇಲಿನ ಬಾಯಿ ಗಾಳಿಗೆ ತೆರೆದಿರುತ್ತದೆ. ಎರಡೂ ಯುಗಳಲ್ಲಿ ನೀರು ನಿಂತಿರುವುದರಿಂದ ಪಂಪ್ ನಿಂತರೂ ಸೈಫನ್ನಿನ ಎರಡು ಕಾಲುಗಳಿಗೂ ಗಾಳಿ ನುಗ್ಗುವುದಿಲ್ಲ. ಮಡಿಕೇರಿಯ ಎತ್ತರದಲ್ಲಿ ಇದು ನಡೆದೀತೇ ಎಂಬ ಅನುಮಾನ ಬೇಡ. ಸಮುದ್ರ ಮಟ್ಟದಲ್ಲಿ ಸುಮಾರು 10 ಮೀಟರ್ ಇರುವ ಸೈಫನ್ ಮಿತಿ ಅಲ್ಲಿ 9ಕ್ಕೆ ಇಳಿಯುತ್ತದೆ. ನಾವು ಎತ್ತುವುದು 20 ಸೆಂಟಿಮೀಟರ್.

ಬೇಕಾದದ್ದು: 1 ಇಂಚಿನ ಪಿವಿಸಿ ಪೈಪ್ 10 ಅಡಿ, ಎಲ್ಬೋ 7 (ಒಂದು ಹೆಚ್ಚಿಗೆ ತನ್ನಿ), ಟೀ 1, ಎಂಡ್ ಕ್ಯಾಪ್ 1, 2 ಇಂಚಿನಿಂದ 1 ಇಂಚಿಗೆ ಇಳಿಸುವ ರೆಡ್ಯೂಸರ್ 1, 2 ಇಂಚಿನ ಪೈಪಿನ ಗೇಣುದ್ದದ ತುಂಡು, ಸಾಲ್ವೆಂಟ್ ಚಿಕ್ಕ ಡಬ್ಬಿ, ಅರಾಲ್ಡೈಟ್, 6 ಮಿ.ಮೀ. ಗಟ್ಟಿ ಏರ್ ಪೈಪಿನ ತುಂಡು, ಏರ್ ಟ್ಯೂಬ್ 2 ಮೀಟರ್, ಅದಕ್ಕೆ ಸಿಗುವ ನಾನ್ ರಿಟರ್ನ್ ವಾಲ್ವ್ (ಗಾಳಿಯನ್ನು ಒಂದೇ ಕಡೆಗೆ ಬಿಡುವಂಥದ್ದು), 60 ಮಿ.ಲೀ. ಸಿರಿಂಜ್. ಕುಶಾಲನಗರ, ಗೋಣಿಕೊಪ್ಪದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಪೈಪಿನ ಸಾಮಾನಿಗೆ ಕೊರತೆಯಿಲ್ಲ. ಹಾಗೆಂದು ತೋಟದ ಶೆಡ್ಡಿನಲ್ಲಿ ಬಿದ್ದಿರುವ ಹಳೆ ತುಂಡುಗಳಿಗೆ ಕೈ ಹಾಕಬೇಡಿ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದ ಪೈಪಿನಲ್ಲಿ ಮೈಲುತುತ್ತದ ತಾಮ್ರ ಉಳಿದಿರುತ್ತದೆ. ಸೀಗಡಿ, ಬಸವನಹುಳುಗಳಿಗೆ ಅದು ಚೂರೇ ಚೂರು ಸಾಕು.

ಕತ್ತರಿಸುವ ಮೊದಲು ಮಟ್ಟಗಳನ್ನು ಗ್ಲಾಸಿನ ಮೇಲೆ ಮಾರ್ಕರಿನಲ್ಲಿ ಗುರುತು ಮಾಡಿಕೊಳ್ಳಿ. ಎಲ್ಲವೂ ಗ್ಲಾಸಿನ ಮೇಲಂಚಿನಿಂದ ಕೆಳಕ್ಕೆ: ಸೀಳುಗಳ ತಳ 5 ಸೆಂ.ಮೀ., ಟೀಯ ಪಕ್ಕದ ಬಾಯಿಯ ಕೆಳತುಟಿ 17 ಸೆಂ.ಮೀ., ಎರಡೂ ಯುಗಳ ತಳ 28 ಸೆಂ.ಮೀ. ಪೈಪ್ ತುಂಡುಗಳ ಉದ್ದವನ್ನು ಇಲ್ಲಿ ಕೊಡದಿರಲು ಕಾರಣವಿದೆ: ಎಲ್ಬೋದೊಳಗೆ ಪೈಪ್ ಎಷ್ಟು ಕೂರುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಗಮ್ ಇಲ್ಲದೆ ಜೋಡಿಸಿ ನೋಡಿ, ಗುರುತಿಗೆ ಕೂಡಿಸಿ, ಆಮೇಲೆ ಕೊಯ್ಯಿರಿ.

ಇದರಲ್ಲಿ ಮುಖ್ಯವಾದದ್ದು ಸೀಳಿನ ತಳಕ್ಕೂ ಟೀಯ ತುಟಿಗೂ ನಡುವಿನ 12 ಸೆಂ.ಮೀ. ಅಷ್ಟೊಂದು ತಿರುವುಗಳಲ್ಲಿ ನೀರನ್ನು ತಳ್ಳುವುದು ಈ ವ್ಯತ್ಯಾಸವೇ. ಗಂಟೆಗೆ 800 ಲೀಟರ್ ಹರಿಯುವಾಗ ಸುಮಾರು 7 ಸೆಂ.ಮೀ. ತಿರುವುಗಳಿಗೇ ಖರ್ಚಾಗುತ್ತದೆ. ಆ 12ನ್ನು 4–5ಕ್ಕೆ ಇಳಿಸಿದರೆ ಟ್ಯಾಂಕ್ ನಿಧಾನವಾಗಿ ತುಂಬಿ ಉಕ್ಕುತ್ತದೆ. 20ಕ್ಕೆ ಏರಿಸಿದರೆ ಬಾಯಿಯೊಳಗೆ ನೀರು ಜಲಪಾತದಂತೆ ಬಿದ್ದು ಗುಳ್ಳೆಗಳನ್ನು ಎಳೆದೊಯ್ಯುತ್ತದೆ, ಆ ಗುಳ್ಳೆಗಳೇ ಮೇಲಿನ ಬಾಗಿನಲ್ಲಿ ಕೂಡಿ ಸೈಫನ್ ಕಡಿಯುತ್ತವೆ.

ಬಾಯಿಗೆ 2 ಇಂಚಿನ ಪೈಪಿನಲ್ಲಿ 16 ಸೀಳು ಬೇಕು, ಒಂದೊಂದೂ 3 ಮಿ.ಮೀ. ಅಗಲ, ಮೇಲಂಚಿನಿಂದ 2.5 ಸೆಂ.ಮೀ. ಆಳ. ಎರಡು ಹ್ಯಾಕ್ಸಾ ಬ್ಲೇಡ್ ಜೋಡಿಸಿ ಕೊಯ್ದು ಅರದಿಂದ ಸವರಿ. ಮೇಲ್ಗಡೆ ಮುಚ್ಚಬೇಡಿ, ಸೀಳುಗಳಿಗೆ ಎಲೆ ಸಿಕ್ಕಿಕೊಂಡರೆ ನೀರು ಮೇಲಿನಿಂದಲಾದರೂ ಇಳಿಯಲಿ, ದೊಡ್ಡ ಕಣ್ಣಿನ ಪ್ಲಾಸ್ಟಿಕ್ ಬಲೆ ಸಾಕು. ಗಪ್ಪಿ ಮರಿಗಳು ನುಸುಳಿ ಸಂಪಿಗೆ ಹೋಗುತ್ತವೆ, ನಿಜ. ಅದಕ್ಕೆಂದು ಸ್ಪಂಜ್ ತುರುಕಿದರೆ ಎರಡೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ. ಸಂಪಿನಲ್ಲಿ ಮರಿ ಹಿಡಿಯುವುದೇ ಸುಲಭ.

ಗ್ಲಾಸ್ ದಾಟುವ ಬಾಗಿನ ನೆತ್ತಿಯಲ್ಲಿ 5.5 ಮಿ.ಮೀ. ತೂತು ಕೊರೆದು 6 ಮಿ.ಮೀ. ಗಟ್ಟಿ ಏರ್ ಪೈಪಿನ ತುಂಡನ್ನು ಒತ್ತಿ ಕೂರಿಸಿ, ಸುತ್ತ ಅರಾಲ್ಡೈಟ್ ಹಚ್ಚಿ. ತುಂಡು ಒಳಗೆ ಚಾಚಿಕೊಳ್ಳಬಾರದು, ಚಾಚಿದಷ್ಟು ಗಾಳಿ ನೆತ್ತಿಯಲ್ಲೇ ಉಳಿಯುತ್ತದೆ. ಅದಕ್ಕೆ ಏರ್ ಟ್ಯೂಬ್, ಟ್ಯೂಬಿಗೆ ವಾಲ್ವ್. ಬಾಣದ ಗುರುತು ಹೊರಗೆ ನೋಡಬೇಕು. ಟೀಯ ಮೇಲೆ 5 ಮಿ.ಮೀ. ತೂತಿನ ಕ್ಯಾಪ್ ಇಟ್ಟರೆ ಗೊಳಗೊಳ ಸದ್ದು ತಗ್ಗುತ್ತದೆ. ತೂತಿಲ್ಲದ ಕ್ಯಾಪ್ ಹಾಕಿದರೆ ಸಂಪಿಗೆ ಇಳಿಯುವ ಪೈಪ್ ಯುವನ್ನೂ ಬರಿದು ಮಾಡಿಬಿಡುತ್ತದೆ. ಕ್ಯಾಪಿಗೆ ಗಮ್ ಬೇಡ. ಉಳಿದ ಕೂಡುಗಳಿಗೆ ಸ್ಯಾಂಡ್ ಪೇಪರ್ ಉಜ್ಜಿ ಸಾಲ್ವೆಂಟ್ ಹಚ್ಚಿ, ಕಾಲು ಸುತ್ತು ತಿರುಗಿಸಿ ಒತ್ತಿ. ಮಳೆಗಾಲದ ತೇವದಲ್ಲಿ 24 ಗಂಟೆ ಬಿಟ್ಟು, ನೀರಲ್ಲಿ ತೊಳೆದು ಬಳಸಿ.

ಚಾಲೂ ಮಾಡಲು ಟ್ಯಾಂಕನ್ನು ಸೀಳಿನ ಮಟ್ಟಕ್ಕೆ ತುಂಬಿ, ಟೀಯ ಮೇಲಿನಿಂದಲೂ ನೀರು ಸುರಿದು ಹೊರ ಯು ತುಂಬಿಸಿ. ಸಿರಿಂಜಿನಿಂದ ಗಾಳಿ ಎಳೆಯಿರಿ. ಬಾಗಿನಲ್ಲಿರುವ ಗಾಳಿ ಕಾಲು ಲೀಟರಿಗಿಂತ ಚೂರು ಹೆಚ್ಚು, ಐದಾರು ಎಳೆತಕ್ಕೆ ನೀರು ಬರುತ್ತದೆ. ಮೇಲಿನ ಟ್ಯಾಂಕಿನೊಳಗೆ ವೆಂಚುರಿ ಮೂತಿಯಿರುವ (ಗಾಳಿ ಹೀರುವ ಮೂತಿ) ಚಿಕ್ಕ ಪವರ್‌ಹೆಡ್, ಅಂದರೆ ನೀರೊಳಗಿನ ಪಂಪ್, ಇದ್ದರೆ ವಾಲ್ವಿನಿಂದ ಬರುವ ಟ್ಯೂಬನ್ನು ಅದಕ್ಕೇ ಸಿಕ್ಕಿಸಿಬಿಡಿ. ಕೂಡಿದ ಗಾಳಿಯನ್ನು ಅದು ಹಗಲಿರುಳೂ ಹೀರುತ್ತಿರುತ್ತದೆ. ಎರಡು ದಿನ ಕರೆಂಟಿಲ್ಲದೆ ನೆತ್ತಿಯಲ್ಲಿ ಗಾಳಿ ಸೇರಿದ್ದರೂ ಕರೆಂಟ್ ಬಂದೊಡನೆ ಎಳೆದುಕೊಳ್ಳುತ್ತದೆ. ಕೊಡಗಿನ ಮಟ್ಟಿಗೆ ಇದನ್ನು ಐಚ್ಛಿಕ ಎನ್ನಲಾಗದು.

ಪಂಪಿನ ಡಬ್ಬಿಯ ಮೇಲಿನ ಅಂಕಿ ನಂಬಬೇಡಿ, ಎತ್ತರಕ್ಕೆ ಹೋದಂತೆ ಅದು ಕುಸಿಯುತ್ತದೆ. ಪಂಪಿನಿಂದ ಮೇಲಿನ ಟ್ಯಾಂಕಿಗೆ ಹೋಗುವ ರಿಟರ್ನ್ ಪೈಪನ್ನು ಟ್ಯಾಂಕಿನ ಎತ್ತರದಲ್ಲೇ 20 ಲೀಟರ್ ಬಕೆಟ್ಟಿಗೆ ಹಿಡಿಯಿರಿ. 90 ಸೆಕೆಂಡಿಗೆ ತುಂಬಿದರೆ ಗಂಟೆಗೆ 800 ಲೀಟರ್, 120 ಸೆಕೆಂಡಿಗೆ 600. ಈ ಎರಡರ ನಡುವೆ ಇರಲಿ. ಇದಕ್ಕಿಂತ ಬೇಗ ತುಂಬಿದರೆ ಓವರ್‌ಫ್ಲೋಗೆ ಹೊರೆ ಹೆಚ್ಚು. ತಡವಾದರೆ ಪೈಪಿನೊಳಗೆ ವೇಗ ಸೆಕೆಂಡಿಗೆ 30 ಸೆಂ.ಮೀ.ಗಿಂತ ತಗ್ಗಿ ಗುಳ್ಳೆಗಳು ಕೊಚ್ಚಿಹೋಗದೆ ನೆತ್ತಿಯಲ್ಲೇ ಕೂರುತ್ತವೆ. ಒಂದೂವರೆ ಇಂಚಿನ ಪೈಪ್ ಹಾಕಿದರೆ ಒಳ್ಳೆಯದಲ್ಲವೇ ಎನ್ನುವವರು ಎಡವುವುದು ಇಲ್ಲೇ.

ಇನ್ನು ಲೆಕ್ಕ. ಈ ಟ್ಯಾಂಕಿನಲ್ಲಿ 1 ಸೆಂ.ಮೀ. ನೀರೆಂದರೆ ಸುಮಾರು 3.5 ಲೀಟರ್. ಹರಿಯುವಾಗ ನೀರು ಅಂಚಿನಿಂದ 3 ಸೆಂ.ಮೀ. ಕೆಳಗಿರುತ್ತದೆ, ಅಂದರೆ ಸೈಫನ್ ಕಡಿದರೂ 10 ಲೀಟರ್ ಹಿಡಿಸುವ ಜಾಗವಿದೆ. ಹಾಗಾಗಿ ಸಂಪಿನ ಪಂಪ್ ಕೋಣೆಯಲ್ಲಿ ಎಳೆಯಲು ಸಿಗುವ ನೀರು 8 ಲೀಟರ್ ದಾಟದಂತೆ ಅಡ್ಡಗ್ಲಾಸ್ ಹಾಕಿ. ಪಂಪ್ ಒಣಗಿ ಕೂಗಬಹುದು, ನೆಲ ಒದ್ದೆಯಾಗದು. ಹೀಟರನ್ನು ಮಾತ್ರ ಆ ಕೋಣೆಯಲ್ಲಿಡಬೇಡಿ, ನೀರಿಳಿದರೆ ಗಾಜು ಒಡೆಯುತ್ತದೆ. ಕರೆಂಟ್ ಹೋದಾಗ ಇಳಿದುಬರುವ ನೀರಿಗೆ ಸಂಪಿನಲ್ಲಿ 10 ಲೀಟರ್ ಖಾಲಿ ಜಾಗ ಬೇಕು. ರಿಟರ್ನ್ ಪೈಪಿಗೆ ನೀರಿನ ಮಟ್ಟದಿಂದ 1 ಸೆಂ.ಮೀ. ಕೆಳಗೆ 4 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಅದೂ ಒಂದು ಸೈಫನ್ನೇ: ತುದಿ 10 ಸೆಂ.ಮೀ. ಆಳದಲ್ಲಿದ್ದರೆ 35 ಲೀಟರ್ ಕೆಳಗಿಳಿಸುತ್ತದೆ. ಆ ತೂತಿಗೆ ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಕಡ್ಡಿ ಆಡಿಸಿ.

ಎಲ್ಲ ಮುಗಿದ ಮೇಲೆ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಹಾಕಿ. ಹೀಗೆ ಹತ್ತು ಸಲ. ಒಂದು ಸಲ ತಪ್ಪಿದರೂ ನೆತ್ತಿಯ ಅರಾಲ್ಡೈಟ್ ಮತ್ತು ವಾಲ್ವನ್ನು ಮೊದಲು ನೋಡಿ. ಸೋರುವ ಕಡೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕೂಡಿಗೆ ಸೋಪಿನ ನೊರೆ ಹಚ್ಚಿದರೆ ಅದು ಒಳಕ್ಕೆ ಎಳೆದುಕೊಳ್ಳುವ ಜಾಗವೇ ತೂತು.